ಟಂಡ್ರಾ ಮೇಲೆ ಮೇಷ್ಟ್ರುಗಳ ನಡಿಗೆ: ಅಲಾಸ್ಕಾದ ಹಳ್ಳಿಯಿಂದ (ಪ್ರಶ್ನೆ ಇದ್ದರೆ ಕೇಳಿ)

ಗಣಿತದ_ಟೀಚರ್:

ಅಲಾಸ್ಕಾದ ಹಳ್ಳಿಯಲ್ಲಿ ಪಾಠ ಮಾಡುತ್ತೀರಲ್ಲ, ರಜೆ ಬಂದರೆ ಏನು ಮಾಡುತ್ತೀರಿ ಅಂತ ಇಲ್ಲಿ ಹಲವರು ಕೇಳಿದ್ದರು. ನಡೆಯುತ್ತೇವೆ. ಸಿನಿಮಾ ಇಲ್ಲ, ಹೋಟೆಲ್ ಇಲ್ಲ, ಊರಾಚೆ ಹೋಗೋಕೆ ರಸ್ತೆಯೇ ಇಲ್ಲ. ಬಾಗಿಲು ತೆಗೆದರೆ ಟಂಡ್ರಾ.

ನಾನಿರುವುದು ಕಸ್ಕೊಕ್ವಿಮ್ ನದಿಯ ಕೆಳಭಾಗದ, ಯುಪಿಕ್ ಅನ್ನುವ ಮೂಲನಿವಾಸಿಗಳ ಒಂದು ಹಳ್ಳಿಯಲ್ಲಿ. ಹೆಸರು ಬೇಡ. ಇಷ್ಟು ಚಿಕ್ಕ ಊರಿನ ಹೆಸರು ಹೇಳಿದರೆ ಎಲ್ಲರ ಮನೆ ವಿಷಯವನ್ನೂ ಹೇಳಿದ ಹಾಗಾಗುತ್ತದೆ. ಹತ್ತಿರದ ಪಟ್ಟಣ ಬೆಥೆಲ್. ಆರು ಸಾವಿರ ಚಿಲ್ಲರೆ ಜನ. ಅದು ಆಂಕರೇಜ್‌ನಿಂದ ಸುಮಾರು 640 ಕಿ.ಮೀ. ಪಶ್ಚಿಮಕ್ಕಿದೆ, ಅದಕ್ಕೂ ರಸ್ತೆ ಇಲ್ಲ. ಅಲ್ಲಿಯವರೆಗೆ ಜೆಟ್, ಅಲ್ಲಿಂದ ಮುಂದೆ ಬೆರಳೆಣಿಕೆಯ ಸೀಟಿನ ಸಣ್ಣ ವಿಮಾನ. ಮಂಜು ಇಳಿದರೆ ಅದೂ ಇಲ್ಲ.

ಟಂಡ್ರಾ ಎಂದರೆ ಹಿಮದ ಮರುಭೂಮಿ ಅಂತ ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಆಗಸ್ಟ್‌ನಲ್ಲಿ ಇಲ್ಲಿಗೆ ಬಂದು ನೋಡಿ. ಕಾಲಿಟ್ಟಲ್ಲೆಲ್ಲ ನೀರು. ಇಲ್ಲಿ ಬೀಳುವ ಮಳೆ ಮತ್ತು ಹಿಮ ಎಲ್ಲ ಸೇರಿದರೂ ವರ್ಷಕ್ಕೆ ಸುಮಾರು 500 ಮಿ.ಮೀ., ಹೆಚ್ಚುಕಮ್ಮಿ ನಮ್ಮ ಚಿತ್ರದುರ್ಗದ ಕಡೆಯ ಮಳೆಯಷ್ಟು. ಆದರೆ ನೆಲ ಮಾತ್ರ ನಾಟಿಗೆ ಹದ ಮಾಡಿದ ಗದ್ದೆ. ಕಾರಣ ಕೆಳಗಿನ ಪರ್ಮಾಫ್ರಾಸ್ಟ್, ಅಂದರೆ ಬೇಸಿಗೆಯಲ್ಲೂ ಕರಗದ ಹೆಪ್ಪುಮಣ್ಣು. ಮೇಲಿನ ಪದರ ಒಂದೆರಡು ಅಡಿ ಕರಗುತ್ತದೆ, ಕೆಳಗೆ ಕಲ್ಲಿನಂತೆ ಗಟ್ಟಿ. ನೀರು ಇಂಗೋಕೆ ಜಾಗವೇ ಇಲ್ಲ.

ಇನ್ನು ನಡಿಗೆ. ನಮ್ಮ ಶಾಲೆಗೆ ಹೊರಗಿನಿಂದ ಬಂದ ಮೇಷ್ಟ್ರುಗಳೆಂದರೆ ಫಿಲಿಪ್ಪೀನ್ಸ್‌ನವರು, ಮಿನೆಸೋಟದವರು, ಟೆಕ್ಸಸ್‌ನವರೊಬ್ಬರು, ನಾನು. ಶನಿವಾರ ನಾವು ಹೊರಟರೆ ಅದಕ್ಕೊಂದು ಗುರಿ ಇರುತ್ತದೆ: ಅಗೋ ಆ ಕೆರೆ, ಅಗೋ ಆ ದಿಬ್ಬ. ಹೋಗಿ ಫೋಟೋ ತೆಗೆದು ವಾಪಸ್. ದಾರಿಯುದ್ದಕ್ಕೂ ಶಾಲೆಯದ್ದೇ ಮಾತು. ಪ್ರಿನ್ಸಿಪಾಲರು ಹಾಗಂದರು, ಆರನೇ ಕ್ಲಾಸಿನ ಹುಡುಗ ಹೀಗೆ ಮಾಡಿದ, ಬೇಸಿಗೆಗೆ ಯಾರು ಬಿಟ್ಟು ಹೋಗುತ್ತಾರೆ.

ನನ್ನ ತರಗತಿಯ ಸಹಾಯಕಿ ಇದೇ ಊರಿನವರು, ಅಜ್ಜಿಯಾದವರು. ಅವರ ಜೊತೆ ಹೊರಟರೆ ಗುರಿ ಗಿರಿ ಏನೂ ಇಲ್ಲ. ಕೈಯಲ್ಲಿ ಬಕೆಟ್. ಹತ್ತು ಹೆಜ್ಜೆ ಹೋಗಿ ಕೂರುತ್ತಾರೆ. ಹಣ್ಣು ಕೀಳುತ್ತಾರೆ, ಗಾಳಿ ಯಾವ ಕಡೆಯಿಂದ ಅಂತ ನೋಡುತ್ತಾರೆ, ಮತ್ತೆ ಹತ್ತು ಹೆಜ್ಜೆ. ಒಂದು ಮಧ್ಯಾಹ್ನಕ್ಕೆ ನಾವು ಹೋದ ದೂರದ ಕಾಲು ಭಾಗವೂ ಆಗುವುದಿಲ್ಲ. ಆದರೆ ಯಾವ ಮಗುವಿನ ಮನೆಯವರು ಎಲ್ಲಿ ಮೀನಿನ ಬೀಡು ಹಾಕುತ್ತಾರೆ, ಯಾರ ತಾತ ಯಾವ ಕೆರೆಯ ಹತ್ತಿರ ಹುಟ್ಟಿದರು ಎಲ್ಲ ಗೊತ್ತಾಗಿರುತ್ತದೆ. ಸುಮ್ನೆ ನಡೆಯೋಕೆ ಅಂತ ಅವರು ಹೊರಟಿದ್ದನ್ನು ನಾನು ನೋಡಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಇಂಥ ಊರಿಗೆ ಬಂದ ಮೇಷ್ಟ್ರು ಬರೀ ಮೇಷ್ಟ್ರುಗಳ ಜೊತೆ ನಡೆದರೆ ಟಂಡ್ರಾ ನೋಡಬಹುದು, ಊರು ನೋಡಲಾಗುವುದಿಲ್ಲ.

ಚಾರಣ_ಪ್ರಿಯ:

ಮೇಡಂ, ಚೆನ್ನಾಗಿದೆ. ಒಂದು ಅನುಮಾನ. ಕುದುರೆಮುಖ, ಕುಮಾರಪರ್ವತ ಎಲ್ಲ ಹತ್ತಿದ್ದೇನೆ. ಸಮತಟ್ಟು ಜಾಗದಲ್ಲಿ ನಡೆಯೋದು ಅಷ್ಟು ಕಷ್ಟವಾ? ಯಾವ ಶೂ ಹಾಕುತ್ತೀರಿ?

ಗಣಿತದ_ಟೀಚರ್:

ಹತ್ತುವುದಕ್ಕಿಂತ ಕಷ್ಟ, ನಂಬಿ. ಇಲ್ಲಿ ಹತ್ತಿಹುಲ್ಲು ಅಂತ ಒಂದು ಜಾತಿ, ತುದಿಯಲ್ಲಿ ಬಿಳೀ ಹತ್ತಿಯಂಥ ಹೂವು. ಅದು ಬುಡದಲ್ಲಿ ಗಡ್ಡೆಗಡ್ಡೆಯಾಗಿ ಬೆಳೆಯುತ್ತದೆ. ಇದಕ್ಕೆ ಟಸಕ್ ಅನ್ನುತ್ತಾರೆ. ಗೇಣುದ್ದದಿಂದ ಹಿಡಿದು ಕೆಲವು ಕಡೆ ಮೊಣಕಾಲಿನ ತನಕ. ಗಡ್ಡೆಯ ಮೇಲೆ ಕಾಲಿಟ್ಟರೆ ಅದು ಪಕ್ಕಕ್ಕೆ ವಾಲುತ್ತದೆ. ಎರಡು ಗಡ್ಡೆ ನಡುವೆ ಇಟ್ಟರೆ ನೀರು. ಪ್ರತಿ ಹೆಜ್ಜೆಗೂ ತೀರ್ಮಾನ ಮಾಡಬೇಕು. ಗಂಟೆಗೆ ಎರಡು ಕಿ.ಮೀ. ಆದರೆ ನಾವು ಚೆನ್ನಾಗಿ ನಡೆದೆವು ಅಂದುಕೊಳ್ಳುತ್ತೇವೆ. ಮರವಿಲ್ಲದ ಜಾಗ, ಕೆರೆ ಇಲ್ಲೇ ಪಕ್ಕದಲ್ಲಿದೆ ಅನ್ನಿಸುತ್ತದೆ. ಹೋಗುತ್ತಾ ಇದ್ದರೆ ಅದು ಹತ್ತಿರ ಬರುವುದೇ ಇಲ್ಲ. ನಡುವೆ ಇನ್ನೂ ನಾಲ್ಕು ಕೆರೆ ಅಡ್ಡ ಬರುತ್ತವೆ, ಎಲ್ಲವನ್ನೂ ಸುತ್ತು ಹಾಕಬೇಕು.

ಟ್ರೆಕ್ಕಿಂಗ್ ಶೂ ಮನೆಯಲ್ಲೇ ಬಿಡಿ. ಒದ್ದೆಯಾದರೆ ಮೂರು ದಿನ ಒಣಗುವುದಿಲ್ಲ. ಮೊಣಕಾಲುದ್ದದ ರಬ್ಬರ್ ಬೂಟು, ಒಳಗೆ ಉಣ್ಣೆ ಕಾಲುಚೀಲ. ಇಡೀ ಅಲಾಸ್ಕಾದ ಕರಾವಳಿ ಎಕ್ಸ್‌ಟ್ರಾಟಫ್ ಅನ್ನುವ ಕಂದು ರಬ್ಬರ್ ಬೂಟಿನಲ್ಲೇ ಓಡಾಡುತ್ತದೆ. ಜುಲೈನಲ್ಲಿ ಬಂದರೆ ತಲೆಗೆ ಸೊಳ್ಳೆ ಬಲೆ ಕಡ್ಡಾಯ. ಸೊಳ್ಳೆ ಅಂದರೆ ನಮ್ಮ ಊರಿನ ಸೊಳ್ಳೆ ಲೆಕ್ಕಕ್ಕೆ ಬರಲ್ಲ, ಮಾತಾಡಲು ಬಾಯಿ ತೆಗೆದರೆ ಒಳಗೇ.

ತುಂಗೆಯ_ದಡ:

ಕರಡಿ ಕಾಟ ಇಲ್ವಾ ಅಕ್ಕಾ?

ಗಣಿತದ_ಟೀಚರ್:

ಕಂದು ಕರಡಿ ಇವೆ. ನದಿ ಪಕ್ಕದ ಪೊದೆಗಳಲ್ಲಿ ಮೂಸ್ ಅನ್ನುವ ದೊಡ್ಡ ಜಿಂಕೆ ಕೂಡ ಇವೆ, ಮರಿ ಜೊತೆಗಿದ್ದರೆ ಅದೂ ಸುಮ್ನೆ ಬಿಡಲ್ಲ. ಹಾಗಾಗಿ ಗುಂಪಾಗಿ ಹೋಗುತ್ತೇವೆ, ಜೋರಾಗಿ ಮಾತಾಡುತ್ತೇವೆ. ಮೇಷ್ಟ್ರುಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಊರವರು ಬಂದರೆ ಅವರ ಹತ್ತಿರ ಬಂದೂಕು ಇರುತ್ತದೆ.

ಹಿಮಕರಡಿ ನಮ್ಮ ಕಡೆ ಬರುವುದು ಅಪರೂಪ. ಉತ್ತರಕ್ಕೆ, ಬೇರಿಂಗ್ ಜಲಸಂಧಿ ಹತ್ತಿರದ ವೇಲ್ಸ್ ಅನ್ನುವ ಊರಿನಲ್ಲಿ 2023ರ ಜನವರಿಯಲ್ಲಿ ಶಾಲೆಯ ಪಕ್ಕದಲ್ಲೇ ಹಿಮಕರಡಿಯೊಂದು ತಾಯಿ ಮತ್ತು ಮಗುವನ್ನು ಕೊಂದಿತು. ಅಂಥ ಊರುಗಳ ಮೇಷ್ಟ್ರುಗಳಿಗೆ ಮನೆಯಿಂದ ಶಾಲೆಗೆ ನಡೆಯುವುದೇ ಬೇರೆ ಲೆಕ್ಕ.

ನನಗೆ ಕರಡಿಗಿಂತ ಹೆದರಿಕೆ ಮಂಜಿನದು. ಎಲ್ಲ ದಿಕ್ಕೂ ಒಂದೇ ಥರ ಕಾಣುವ ನೆಲದಲ್ಲಿ ಮಂಜು ಮುಚ್ಚಿಕೊಂಡರೆ ನಿಂತಲ್ಲೇ ನಿಲ್ಲಬೇಕು. ಹೊರಡುವ ಮೊದಲು ಯಾರಿಗಾದರೂ ಹೇಳಿಯೇ ಹೊರಡುತ್ತೇವೆ. ಮೊಬೈಲ್ ಸಿಗ್ನಲ್ ಊರು ದಾಟಿದರೆ ಇಲ್ಲ, ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಸಣ್ಣ ಯಂತ್ರ ಒಂದನ್ನು ಹಂಚಿಕೊಂಡು ಒಯ್ಯುತ್ತೇವೆ. ಊರಲ್ಲಿ ಮನೆಮನೆಗೂ ವಿಎಚ್‌ಎಫ್ ರೇಡಿಯೋ ಇದೆ. "ಟೀಚರುಗಳು ಇನ್ನೂ ಬಂದಿಲ್ಲ" ಅಂತ ಒಬ್ಬರು ಅದರಲ್ಲಿ ಹೇಳಿದರೆ ಸಾಕು, ಹುಡುಕೋಕೆ ಜನ ಹೊರಡುತ್ತಾರೆ.

ಓಸ್ಲೋ_ಕನ್ನಡಿಗ:

ಬಕೆಟ್ ಹಿಡಿದು ಹೋಗುವ ಆ ಹಣ್ಣು ಯಾವುದು? ಕಿತ್ತಳೆ ಬಣ್ಣದ, ಒಂದು ಗಿಡಕ್ಕೆ ಒಂದೇ ಹಣ್ಣು ಬಿಡುವುದಾ? ಅದಾದರೆ ನಮ್ಮಲ್ಲಿ ಮುಲ್ಟೆ. ಇಲ್ಲಿ ಅದಕ್ಕೆ ಚಿನ್ನದ ಬೆಲೆ. ಫಿನ್ಲೆಂಡಿನವರು ತಮ್ಮ ಎರಡು ಯೂರೋ ನಾಣ್ಯದ ಮೇಲೇ ಅದನ್ನು ಅಚ್ಚು ಹಾಕಿಸಿದ್ದಾರೆ.

ನಾರ್ವೆಯಲ್ಲಿ 1957ರ ಕಾಯ್ದೆ ಪ್ರಕಾರ ಊರಾಚೆಯ ಬಯಲಲ್ಲಿ ಯಾರ ಜಮೀನಾದರೂ ಯಾರು ಬೇಕಾದರೂ ನಡೆಯಬಹುದು, ಕಾಡುಹಣ್ಣು ಕೀಳಬಹುದು. ಆದರೆ ಉತ್ತರದ ಜಿಲ್ಲೆಗಳಲ್ಲಿ ಈ ಒಂದು ಹಣ್ಣಿಗೆ ಮಾತ್ರ ಬೇರೆ ನಿಯಮ. ಜಮೀನಿನವರು ಬೇಡ ಅಂದರೆ ಮನೆಗೆ ಒಯ್ಯುವ ಹಾಗಿಲ್ಲ. ಅಲ್ಲೇ ನಿಂತು ತಿನ್ನಬಹುದು! ನಿಮ್ಮಲ್ಲಿ ಹೇಗೆ? ಬೇಕಾದ ಕಡೆ ನಡೆಯಬಹುದಾ?

ಗಣಿತದ_ಟೀಚರ್:

ಅದೇ ಹಣ್ಣು. ಇಲ್ಲಿ ಸಾಲ್ಮನ್‌ಬೆರಿ ಅನ್ನುತ್ತಾರೆ. ಜುಲೈ ಕೊನೆಯಿಂದ ಅದು, ಆಮೇಲೆ ಬ್ಲೂಬೆರಿ, ಕಪ್ಪು ಕ್ರೋಬೆರಿ, ಸೆಪ್ಟೆಂಬರ್‌ನಲ್ಲಿ ಕೆಂಪು ಕ್ರ್ಯಾನ್‌ಬೆರಿ. ಕೆಲವು ಮನೆಗಳಲ್ಲಿ ಇಡೀ ಫ್ರೀಜರ್ ಬರೀ ಹಣ್ಣಿಗೆ. ಚಳಿಗಾಲದಲ್ಲಿ ಅದನ್ನು ಕೊಬ್ಬು, ಸಕ್ಕರೆ ಜೊತೆ ಕಲಸಿ ಅಕುತಾಕ್ ಮಾಡುತ್ತಾರೆ. ಯಾರ ಮನೆಯಲ್ಲಿ ಯಾವ ಸಂದರ್ಭವಾದರೂ ಅದು ಇರಬೇಕು.

ನಡೆಯುವ ಹಕ್ಕಿನ ಬಗ್ಗೆ ಒಳ್ಳೆಯ ಪ್ರಶ್ನೆ. ಹೊರಗಿನವರಿಗೆ ಇದೆಲ್ಲ ಯಾರದ್ದೂ ಅಲ್ಲದ ಬಯಲು ಅನ್ನಿಸುತ್ತದೆ. ಹಾಗಲ್ಲ. 1971ರಲ್ಲಿ ಅಮೆರಿಕ ಸರ್ಕಾರ ಅಲಾಸ್ಕಾದ ಮೂಲನಿವಾಸಿಗಳ ಭೂಹಕ್ಕಿಗೆ ಒಂದು ಕಾಯ್ದೆ ಮಾಡಿತು. 4 ಕೋಟಿ 40 ಲಕ್ಷ ಎಕರೆ ಜಮೀನು ಅವರ ಕಾರ್ಪೊರೇಷನ್‌ಗಳಿಗೆ, ಅಂದರೆ ಅವರದೇ ಕಂಪನಿಗಳಿಗೆ ಸೇರಿತು. ಹಾಗಾಗಿ ಹಳ್ಳಿಯ ಸುತ್ತಲಿನ ನೆಲ ಬಹುಪಾಲು ಹಳ್ಳಿಯ ಕಾರ್ಪೊರೇಷನ್‌ನದು. ಅದರಾಚೆ ಯೂಕಾನ್ ಡೆಲ್ಟಾ ವನ್ಯಜೀವಿ ಧಾಮ. ಅದೇ ಸುಮಾರು 1 ಕೋಟಿ 90 ಲಕ್ಷ ಎಕರೆ, ಕರ್ನಾಟಕವನ್ನು ಐದು ಭಾಗ ಮಾಡಿದರೆ ಎರಡು ಭಾಗದಷ್ಟು.

ಮೇಷ್ಟ್ರುಗಳು ಊರ ಸುತ್ತ ನಡೆದರೆ ಯಾರೂ ಬೇಡ ಅನ್ನುವುದಿಲ್ಲ. ಆದರೆ ಹಣ್ಣಿನ ಜಾಗಗಳಿಗೆ ಬರೆಯದ ಕಾನೂನು ಇದೆ. ಒಂದೊಂದು ಮನೆತನ ಒಂದೊಂದು ಕಡೆ ಹೋಗುತ್ತದೆ. ಕೇಳದೆ ಹೋಗಿ ಬಕೆಟ್ ತುಂಬಿಸಿಕೊಂಡು ಬಂದರೆ ಮುಖದ ಮೇಲೆ ಯಾರೂ ಏನೂ ಅನ್ನಲ್ಲ, ಆದರೆ ಊರಿಗೆಲ್ಲ ಗೊತ್ತಿರುತ್ತದೆ.

ನಿವೃತ್ತ_ಮೇಷ್ಟ್ರು_ರಾಯಚೂರು:

ತಂಗಿ, ನಿನ್ನ ಬರಹ ಓದಿ ಸಂತೋಷವಾಯಿತು. ಮೂವತ್ತಕ್ಕೂ ಹೆಚ್ಚು ವರ್ಷ ಹಳ್ಳಿ ಶಾಲೆಗಳಲ್ಲಿ ಪಾಠ ಮಾಡಿದವನು ನಾನು. ನಮ್ಮಲ್ಲೂ ದಕ್ಷಿಣದ ಜಿಲ್ಲೆಗಳಿಂದ ಪೋಸ್ಟಿಂಗ್ ಆಗಿ ಬರುತ್ತಿದ್ದರು. ತಾಲ್ಲೂಕು ಕೇಂದ್ರದಲ್ಲಿ ರೂಮು, ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ವರ್ಗಾವಣೆಯ ಅರ್ಜಿ ಜೇಬಿನಲ್ಲೇ ಇರುತ್ತಿತ್ತು. ಊರಿನ ಒಬ್ಬರ ಮನೆಯ ನೀರೂ ಕುಡಿಯದೆ ಹೋದವರನ್ನು ಕಂಡಿದ್ದೇನೆ. ನಿಮ್ಮ ಶನಿವಾರದ ನಡಿಗೆ ಅಂದರೆ ಸ್ಟಾಫ್ ರೂಮನ್ನು ಎತ್ತಿಕೊಂಡು ಹೋಗಿ ಬಯಲಲ್ಲಿ ಇಟ್ಟ ಹಾಗೆ. ಅದನ್ನು ನಿಲ್ಲಿಸಿಬಿಡಿ, ಅಜ್ಜಿಯ ಜೊತೆ ಹೋಗಿ ಅಂತ ನಾನಾದರೆ ಹೇಳುತ್ತೇನೆ.

ಹಿಂದೆ_ಅಲ್ಲಿದ್ದೆ:

ಮೇಷ್ಟ್ರೇ, ಕ್ಷಮಿಸಿ, ಒಪ್ಪಲ್ಲ. ಟೀಚರಮ್ಮನ ಮೊದಲ ಪೋಸ್ಟ್‌ಗೂ ನನ್ನ ತಕರಾರಿದೆ.

ನಾನು ಇನ್ನೂ ಉತ್ತರದಲ್ಲಿ, ಕೋಟ್ಜಬ್ಯೂ ಸುತ್ತಲಿನ ಒಂದು ಹಳ್ಳಿಯಲ್ಲಿ ಇದ್ದೆ. ಆರ್ಕ್ಟಿಕ್ ವೃತ್ತದ ಮೇಲೆ. ಡಿಸೆಂಬರ್‌ನಲ್ಲಿ ಮಕ್ಕಳು ಕತ್ತಲಲ್ಲಿ ಬಂದು ಕತ್ತಲಲ್ಲೇ ಹೋಗುತ್ತಾರೆ. ನಿಮ್ಮ ಜೊತೆ ಇರುವುದು ಆರೇಳು ಸಹೋದ್ಯೋಗಿಗಳು, ಒಂದೇ ಸಾಲಿನ ಕ್ವಾರ್ಟರ್ಸ್, ಗೋಡೆಯಾಚೆ ಕೆಮ್ಮಿದರೆ ಕೇಳುತ್ತದೆ. ವಾರಕ್ಕೊಮ್ಮೆ ಅವರ ಜೊತೆ ನಡೆದು, ಬೈಯಬೇಕಾದವರನ್ನೆಲ್ಲ ಬೈದು, ಹಗುರವಾಗಿ ಬರುತ್ತಿದ್ದೆವು. ಅದಿಲ್ಲದಿದ್ದರೆ ಕ್ರಿಸ್‌ಮಸ್‌ಗೆ ಹೋದವಳು ವಾಪಸ್ ಬರುತ್ತಿರಲಿಲ್ಲ. ಹಾಗೆ ಬಾರದೇ ಹೋದವರೂ ಇದ್ದರು. ವರ್ಷದ ನಡುವೆ ಟೀಚರ್ ಮಾಯವಾದರೆ ಆ ಮಕ್ಕಳಿಗೆ ಆಗುವ ನಷ್ಟದ ಮುಂದೆ, ಟೀಚರ್ ಅಜ್ಜಿ ಜೊತೆ ಹಣ್ಣು ಕಿತ್ತರೋ ಇಲ್ಲವೋ ಅನ್ನುವುದು ಸಣ್ಣ ವಿಷಯ.

ಇನ್ನೊಂದು. ಊರವರಿಗೂ ದಣಿವಿದೆ. ಪ್ರತಿ ಆಗಸ್ಟ್‌ನಲ್ಲಿ ಹೊಸ ಮುಖಗಳು, ಪ್ರತಿ ಮೇನಲ್ಲಿ ಬೀಳ್ಕೊಡುಗೆ. ಎಲ್ಲರನ್ನೂ ಹಣ್ಣಿನ ಜಾಗಕ್ಕೆ ಕರೆದುಕೊಂಡು ಹೋಗೋಕೆ ಅವರೇನು ಗೈಡ್‌ಗಳಾ? "ಎಷ್ಟು ವರ್ಷ ಇರ್ತೀರಿ?" ಅಂತ ಮಕ್ಕಳು ಮೊದಲ ದಿನವೇ ಕೇಳುತ್ತಾರೆ. ನಿಮಗೂ ಕೇಳಿರಬೇಕು.

ಗಣಿತದ_ಟೀಚರ್:

ಕೇಳಿದ್ದಾರೆ. ಮೊದಲ ದಿನವೇ.

ನಿಮ್ಮ ಎರಡನೇ ಮಾತು ಪೂರ್ತಿ ಒಪ್ಪುತ್ತೇನೆ. ಕರೆಸಿಕೊಳ್ಳುವವರೆಗೆ ಕಾಯಬೇಕು, ಅದು ಒಂದು ವರ್ಷ ತೆಗೆದುಕೊಂಡರೂ ಸರಿ. ಮೊದಲ ಮಾತಿಗೆ ನನ್ನ ಉತ್ತರ: ಮೇಷ್ಟ್ರುಗಳ ನಡಿಗೆಯನ್ನು ನಾನೂ ಬಿಟ್ಟಿಲ್ಲ, ಬಿಡೋದೂ ಇಲ್ಲ. ಇಲ್ಲಿ ಡಿಸೆಂಬರ್ ಕೊನೆಗೆ ಐದೂವರೆ ಗಂಟೆ ಬೆಳಕಿರುತ್ತದೆ, ಆದರೂ ತಲೆ ಕೆಡುತ್ತದೆ. ಫಿಲಿಪ್ಪೀನ್ಸ್‌ನ ಗೆಳತಿ ಮಗಳನ್ನು ತನ್ನ ದೇಶದಲ್ಲೇ ಬಿಟ್ಟು ಬಂದಿದ್ದಾಳೆ. ಅವಳು ಅಳೋಕೆ ಟಂಡ್ರಾ ಬಿಟ್ಟರೆ ಬೇರೆ ಜಾಗ ಇಲ್ಲ. ನಾನು ಹೇಳಿದ್ದು ಅದೊಂದೇ ಸಾಲದು ಅಂತ.

ನಿವೃತ್ತ_ಮೇಷ್ಟ್ರು_ರಾಯಚೂರು:

ನಿಲ್ಲಿಸಿ ಅಂದದ್ದು ಬಿರುಸಾಯಿತೇನೋ. ಇರಲಿ, ಅಷ್ಟಾದರೂ ನನ್ನ ಮಾತಿನ ಮುಕ್ಕಾಲು ಪಾಲು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಇನ್ನೊಂದು ಕೇಳುತ್ತೇನೆ. ಇಷ್ಟು ಸಣ್ಣ ಊರಿಗೆ ಹೈಸ್ಕೂಲು ಹೇಗೆ ಬಂತು? ನಮ್ಮಲ್ಲಿ ಇಷ್ಟು ಜನಕ್ಕೆ ಪ್ರಾಥಮಿಕ ಶಾಲೆ ಉಳಿಸಿಕೊಳ್ಳುವುದೇ ಕಷ್ಟ.

ಗಣಿತದ_ಟೀಚರ್:

ಸುಮ್ನೆ ಬಂದಿದ್ದಲ್ಲ ಮೇಷ್ಟ್ರೇ, ಕೋರ್ಟಿಗೆ ಹೋಗಿ ಬಂದಿದ್ದು. ಮೊದಲು ಎಂಟನೇ ಕ್ಲಾಸ್ ಮುಗಿದರೆ ಮಕ್ಕಳನ್ನು ದೂರದ ವಸತಿ ಶಾಲೆಗೆ ಕಳಿಸುತ್ತಿದ್ದರು. ಸಿಟ್ಕಾದ ಮೌಂಟ್ ಎಜ್‌ಕಂಬ್‌ಗೆ, ಇನ್ನು ಕೆಲವರನ್ನು ಅಲಾಸ್ಕಾದಾಚೆ ಆರೆಗನ್‌ನ ಚೆಮಾವಾಕ್ಕೆ. ಹದಿಮೂರು ಹದಿನಾಲ್ಕರ ಮಕ್ಕಳು ಒಂಬತ್ತು ತಿಂಗಳು ಮನೆಯ ಮುಖ ನೋಡುತ್ತಿರಲಿಲ್ಲ. ಇದರ ವಿರುದ್ಧ ಹಳ್ಳಿಯ ಮಕ್ಕಳ ಪರವಾಗಿ ಕೇಸು ಹಾಕಿದರು. ಆ ಮಕ್ಕಳಲ್ಲಿ ಒಬ್ಬಳ ಹೆಸರಿನಿಂದ ಮೋಲಿ ಹೂಚ್ ಕೇಸು ಅಂತಲೇ ಜನ ಕರೆಯುತ್ತಾರೆ. 1976ರಲ್ಲಿ ರಾಜಿಯಾಯಿತು. 126 ಹಳ್ಳಿಗಳಲ್ಲಿ ಅಲ್ಲಿನವರು ಬೇಡ ಅನ್ನದ ಹೊರತು ಹೈಸ್ಕೂಲು ನಡೆಸಬೇಕು ಅಂತ ರಾಜ್ಯ ಒಪ್ಪಿತು.

ನನ್ನ ಸಹಾಯಕಿಯ ಅಕ್ಕ ಹಾಗೆ ಹೋದವರು. ಹಣ್ಣು ಕೀಳುವಾಗಲೇ ಇದು ಗೊತ್ತಾಗಿದ್ದು, ಯಾವ ಟ್ರೈನಿಂಗ್‌ನಲ್ಲೂ ಹೇಳಿರಲಿಲ್ಲ. ಮಕ್ಕಳು ಶಾಲೆಗಾಗಿ ಟಂಡ್ರಾ ಬಿಟ್ಟು ಹೋಗಿ, ಮರಳಿ ಬಂದಾಗ ಹಣ್ಣಿನ ಜಾಗ ಗೊತ್ತಿಲ್ಲದವರಾಗಿದ್ದರು ಅಂತ ಅವರು ಸಿಟ್ಟಿಲ್ಲದೆ ಹೇಳಿದರು. ಅದಕ್ಕೇ ನಾನು ಅಷ್ಟು ಹಟ ಹಿಡಿದು ಬರೆದದ್ದು.

ಹಕ್ಕಿ_ಹುಚ್ಚ:

ಮಧ್ಯೆ ಬಾಯಿ ಹಾಕುತ್ತೇನೆ. ನೀವಿರುವ ಮುಖಜಭೂಮಿಯಲ್ಲಿ ಬಾರ್-ಟೈಲ್ಡ್ ಗಾಡ್ವಿಟ್ ಮೊಟ್ಟೆಯಿಡುತ್ತದೆ, ನೋಡಿದ್ದೀರಾ? ಉದ್ದ ಕೊಕ್ಕು, ತುದಿ ತುಸು ಮೇಲಕ್ಕೆ. 2022ರಲ್ಲಿ ಅಲಾಸ್ಕಾದಿಂದ ಹಾರಿದ ಒಂದು ಮರಿಹಕ್ಕಿ ಎಲ್ಲೂ ಇಳಿಯದೆ 13,560 ಕಿ.ಮೀ. ದೂರದ ಟಾಸ್ಮೇನಿಯಾ ಮುಟ್ಟಿತು. 11 ದಿನ! ಹುಟ್ಟಿ ಕೆಲವೇ ತಿಂಗಳಾದ ಹಕ್ಕಿ. ನಮ್ಮ ಕರಾವಳಿಗೂ ಚಳಿಗಾಲಕ್ಕೆ ಗಾಡ್ವಿಟ್ ಬರುತ್ತವೆ, ಆದರೆ ಅವು ಬೇರೆ ಕಡೆಯವು.

ಗಣಿತದ_ಟೀಚರ್:

ನೋಡಿದ್ದೇನೆ, ಹೆಸರು ಗೊತ್ತಿರಲಿಲ್ಲ! ನಮಗೆ ಜಾಸ್ತಿ ಕಾಣುವುದು ಹೆಬ್ಬಾತು ಮತ್ತು ಸ್ಯಾಂಡ್‌ಹಿಲ್ ಕ್ರೇನ್. ಕ್ರೇನ್ ಕೂಗಿದರೆ ಕ್ಲಾಸಿನ ಮಕ್ಕಳೆಲ್ಲ ಕಿಟಕಿಗೆ. ಪಾಠ ನಿಲ್ಲಿಸಿ ನಾನೂ ಹೋಗುತ್ತೇನೆ.

ಅಡುಗೆಮನೆ_ರಾಣಿ:

ಸಸ್ಯಾಹಾರಿಗಳಾದರೆ ಬದುಕೋಕೆ ಆಗತ್ತಾ?

ಗಣಿತದ_ಟೀಚರ್:

ಆಗುತ್ತದೆ. ಅಕ್ಕಿ, ತೊಗರಿಬೇಳೆ, ಸಾಂಬಾರ್ ಪುಡಿ ಆಂಕರೇಜ್‌ನಿಂದ ಅಂಚೆಯಲ್ಲಿ. ತಾಜಾ ತರಕಾರಿ ಅಂದರೆ ವಿಮಾನದಲ್ಲಿ ಬಂದು ಸುಸ್ತಾದ ಕ್ಯಾಬೇಜು, ಅದರ ಬೆಲೆ ಹೇಳಿದರೆ ನಿಮಗೆ ನಿದ್ದೆ ಬರಲ್ಲ. ಬ್ಲೂಬೆರಿ ಉಪ್ಪಿನಕಾಯಿ ಹಾಕಿದ್ದೇನೆ, ಒಗ್ಗರಣೆ ಕೊಟ್ಟು. ಫಿಲಿಪ್ಪೀನ್ಸ್‌ನವರು ಬಾಟಲಿಗಟ್ಟಲೆ ತಿಂದರು.

ತುಂಗೆಯ_ದಡ:

ಅಕ್ಕಾ, ಹೆಪ್ಪುಮಣ್ಣು ಕರಗುತ್ತಿದೆ ಅಂತ ಪೇಪರ್‌ನಲ್ಲಿ ಓದುತ್ತೇವೆ. ನಡೆಯುವಾಗ ಗೊತ್ತಾಗತ್ತಾ?

ಗಣಿತದ_ಟೀಚರ್:

ಒಂದೆರಡು ವರ್ಷ ಇದ್ದವರ ಕಣ್ಣಿಗೆ ಬೀಳುವುದು ಊರೊಳಗೇ. ಇಲ್ಲಿ ಮನೆ, ಶಾಲೆ ಎಲ್ಲ ಕಂಬಗಳ ಮೇಲೆ. ಮನೆಯ ಬಿಸಿ ನೆಲಕ್ಕೆ ತಾಗಿದರೆ ಅದು ಕರಗಿ ಕುಸಿಯುತ್ತದೆ. ಓಡಾಡೋಕೆ ಮರದ ಹಲಗೆಯ ದಾರಿ ಹಾಕಿದ್ದಾರೆ. ಅದು ಅಲ್ಲಲ್ಲಿ ವಾಲಿದೆ, ಒಂದು ಕಡೆ ನೀರೊಳಗೇ ಹೋಗಿದೆ. ನಮ್ಮ ನಡಿಗೆ ಶುರುವಾಗುವುದು ಆ ಹಲಗೆ ಮುಗಿಯುವಲ್ಲಿ. ಹೊರಗೆ ಟಂಡ್ರಾದಲ್ಲಿ ಬದಲಾವಣೆ ಕಾಣಬೇಕಾದರೆ ಹಳಬರು ಜೊತೆಗಿರಬೇಕು. "ಈ ಕೆರೆ ಮೊದಲು ಇರಲಿಲ್ಲ", "ಇಲ್ಲಿದ್ದ ಕೆರೆ ಬತ್ತಿಹೋಯಿತು" ಅಂತ ಅವರು ಹೇಳುತ್ತಾರೆ.

ನ್ಯೂಟಾಕ್ ಅನ್ನುವ ಊರು ನದಿ ಕೊರೆತ ಮತ್ತು ಈ ಕರಗುವಿಕೆಯಿಂದ ಪೂರ್ತಿ ಎದ್ದು ಮೆರ್ತಾರ್ವಿಕ್‌ಗೆ ಹೋಯಿತು. 2019ರಲ್ಲಿ ಮೊದಲ ಮನೆಗಳವರು ಹೋದರು, 2024ರಲ್ಲಿ ಕೊನೆಯವರು. 2025ರ ಅಕ್ಟೋಬರ್‌ನಲ್ಲಿ ಹಾಲಾಂಗ್ ಚಂಡಮಾರುತದ ಉಳಿಕೆ ಬಂದು ಕಿಪ್ನಕ್, ಕ್ವಿಗಿಲಿಂಗಾಕ್ ಊರುಗಳಲ್ಲಿ ಮನೆಗಳನ್ನು ಕಂಬದಿಂದ ಕಿತ್ತು ತೇಲಿಸಿತು. ಜನ ಮೊದಲು ಸೇರಿದ್ದು ಶಾಲೆಗಳಲ್ಲಿ. ಆಮೇಲೆ ನೂರಾರು ಜನರನ್ನು ವಿಮಾನದಲ್ಲಿ ಆಂಕರೇಜ್‌ಗೆ ಸಾಗಿಸಿದರು. ಇದರ ಬಗ್ಗೆ ಇಲ್ಲಿ ಜಾಸ್ತಿ ಬರೆಯಲ್ಲ, ನಮ್ಮ ಊರಿನ ಹಲವರಿಗೆ ಅಲ್ಲಿ ನೆಂಟರಿದ್ದಾರೆ.

ಬಿಎಡ್_ಮುಗಿಸಿದೆ:

ಮೇಡಂ, ನನಗೂ ಬರಬೇಕು ಅನ್ನಿಸಿದೆ. ಹೇಗೆ?

ಹಿಂದೆ_ಅಲ್ಲಿದ್ದೆ:

ನಾನು ಹೇಳುತ್ತೇನೆ, ಆ ದಾರಿಯಲ್ಲೇ ಹೋದವಳು. ಜೆ-1 ಶಿಕ್ಷಕರ ವೀಸಾ. ಪದವಿ, ಕನಿಷ್ಠ ಎರಡು ವರ್ಷ ಪಾಠ ಮಾಡಿದ ಅನುಭವ, ಒಳ್ಳೆಯ ಇಂಗ್ಲಿಷ್ ಬೇಕು. ಮೂರು ವರ್ಷ ಕೊಡುತ್ತಾರೆ, ಮೇಲೆ ಎರಡು ವರ್ಷದ ತನಕ ವಿಸ್ತರಣೆ. ಎಚ್-1ಬಿ ದಾರಿ ಈಗ ಇಕ್ಕಟ್ಟು. 2025ರ ಸೆಪ್ಟೆಂಬರ್‌ನ ಆದೇಶದಲ್ಲಿ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಇಟ್ಟರು. ಯಾವ ಹಳ್ಳಿ ಶಾಲೆಗೆ ಅಷ್ಟು ಶಕ್ತಿ ಇದೆ? ಏಜೆಂಟರಿಗೆ ಮುಂಗಡ ಕೊಡುವ ಮೊದಲು ಹತ್ತು ಸಲ ಯೋಚಿಸಿ. ನನ್ನನ್ನು ಕಳಿಸಿದ ಏಜೆನ್ಸಿ ಕ್ವಾರ್ಟರ್ಸ್ ಉಚಿತ ಅಂದಿತ್ತು, ಹೋದಮೇಲೆ ಬಾಡಿಗೆ ಸಂಬಳದಲ್ಲಿ ಕಡಿತ.

ನಿವೃತ್ತ_ಮೇಷ್ಟ್ರು_ರಾಯಚೂರು:

ತಂಗಿ, ಕೊನೆಯದಾಗಿ ಒಂದು. ನೀನು ಗಣಿತದವಳು. ಈ ನಡಿಗೆ ಕ್ಲಾಸಿಗೆ ಏನಾದರೂ ಬಂತೋ?

ಗಣಿತದ_ಟೀಚರ್:

ಬಂತು. ಯುಪಿಕ್ ಎಣಿಕೆ ಇಪ್ಪತ್ತರ ಲೆಕ್ಕದಲ್ಲಿ, ಒಳಗೆ ಐದೈದರ ಗುಂಪು. ಕೈಬೆರಳು ಕಾಲ್ಬೆರಳು ಎಲ್ಲ ಸೇರಿದರೆ ಇಪ್ಪತ್ತಲ್ವಾ. ನನ್ನ ಸಹಾಯಕಿ ಹಣ್ಣಿನ ಬಕೆಟ್ ಎಣಿಸುವಾಗ ಕೇಳಿ ಕಲಿತೆ, ಈಗ ಮಕ್ಕಳಿಗೆ ಎರಡೂ ಪದ್ಧತಿಯಲ್ಲಿ ಲೆಕ್ಕ ಕೊಡುತ್ತೇನೆ. ಫೇರ್‌ಬ್ಯಾಂಕ್ಸ್‌ನ ಅಲಾಸ್ಕಾ ವಿಶ್ವವಿದ್ಯಾಲಯದವರು ಯುಪಿಕ್ ಹಿರಿಯರ ಜೊತೆ ಕೂತು ಇಂಥ ಗಣಿತ ಪಾಠಗಳನ್ನೇ ಮಾಡಿದ್ದಾರೆ. ಹಣ್ಣು ಕೀಳುವುದು, ಮೀನು ಒಣಗಿಸುವ ಅಟ್ಟ ಕಟ್ಟುವುದು ಎಲ್ಲ ಅದರಲ್ಲಿವೆ. ಉತ್ತರದ ಕಾಕ್ಟೊವಿಕ್ ಅನ್ನುವ ಊರಿನಲ್ಲಂತೂ 1994ರಲ್ಲಿ ಶಾಲೆಯ ಮಕ್ಕಳೇ ಇಪ್ಪತ್ತರ ಲೆಕ್ಕಕ್ಕೆ ಹೊಸ ಅಂಕಿಗಳನ್ನು ಮಾಡಿಕೊಂಡರು. ಅವು ಈಗ ಯೂನಿಕೋಡ್‌ನಲ್ಲೂ ಇವೆ. ಅಂಕಿಯ ಆಕಾರ ನೋಡಿದರೇ ಕೂಡಿಸಬಹುದು. ಬೇಕಾದರೆ ಅದಕ್ಕೆ ಬೇರೆ ಥ್ರೆಡ್ ಮಾಡುತ್ತೇನೆ.

ಚಾರಣ_ಪ್ರಿಯ:

ಮಾಡಿ ಮೇಡಂ. ಅದಿರಲಿ, ರಜೆ ಹಾಕಿ ಬಂದರೆ ಯಾವ ತಿಂಗಳು ಒಳ್ಳೆಯದು? ಉಳಿಯೋಕೆ ಏನು?

ಗಣಿತದ_ಟೀಚರ್:

ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ವಾರ. ಸೊಳ್ಳೆ ಕಡಿಮೆಯಾಗಿರುತ್ತದೆ, ಟಂಡ್ರಾ ಕೆಂಪು ತಿರುಗುತ್ತದೆ, ಬ್ಲೂಬೆರಿ ಇನ್ನೂ ಇರುತ್ತದೆ. ಲಾಡ್ಜ್ ಬೇಕಾದರೆ ಬೆಥೆಲ್‌ನಲ್ಲೇ, ಹಳ್ಳಿಯಲ್ಲಿ ಇಲ್ಲ. ಕೆಲಸದ ಮೇಲೆ ಬರುವವರು ಶಾಲೆಯ ಕೊಠಡಿಯಲ್ಲೇ ಮಲಗುತ್ತಾರೆ, ಮೊದಲೇ ಕೇಳಿ ಒಪ್ಪಿಗೆ ಪಡೆದು. ಸುಮ್ನೆ ನೋಡೋಕೆ ಬರುವವರಾದರೆ ಊರಿನ ಬುಡಕಟ್ಟು ಮಂಡಳಿಯನ್ನೂ ಕೇಳಬೇಕು. ವಾಪಸ್ ಟಿಕೆಟಿಗೆ ಮೂರು ದಿನ ಸಡಿಲು ಇಟ್ಟುಕೊಳ್ಳಿ, ವಿಮಾನ ಹವಾಮಾನದ ಮಾತು ಕೇಳುತ್ತದೆಯೇ ಹೊರತು ನಿಮ್ಮ ರಜೆಯ ಮಾತು ಕೇಳಲ್ಲ. ಸ್ಲೀಪಿಂಗ್ ಬ್ಯಾಗ್ ನಿಮ್ಮದೇ ತನ್ನಿ. ಬೂಟಿನ ಅಳತೆ ಹೇಳಿದರೆ ಇಲ್ಲಿ ಯಾರದ್ದಾದರೂ ಕೇಳಿ ಇಟ್ಟಿರುತ್ತೇನೆ.